ಎರಡೆಲೆ ಹೋಗಿ ಅನಾನಸು ಬಂದಾಗ: ಪಾಲಾ ಕ್ಷೇತ್ರದ ಒಂದು ಬೂತ್‌ನ ಪ್ರಕರಣ ಅಧ್ಯಯನ

2019ರ ಏಪ್ರಿಲ್ 23ರ ಲೋಕಸಭಾ ಚುನಾವಣೆಯಲ್ಲಿ ಕೇರಳದ ಪಾಲಾ ವಿಧಾನಸಭಾ ಕ್ಷೇತ್ರದೊಳಗೆ ಕಾಂಗ್ರೆಸ್ ಮುಂದಾಳತ್ವದ ಪಕ್ಷಗಳ ಕೂಟವಾದ ಯುಡಿಎಫ್ ರಂಗಕ್ಕೆ 33 ಸಾವಿರಕ್ಕೂ ಮೀರಿದ ಮುನ್ನಡೆ ಸಿಕ್ಕಿತ್ತು. ಸರಿಯಾಗಿ ಐದು ತಿಂಗಳ ಬಳಿಕ, ಸೆಪ್ಟೆಂಬರ್ 23ರಂದು, ಅದೇ ಕ್ಷೇತ್ರದ ಉಪಚುನಾವಣೆಯಲ್ಲಿ ಅದೇ ಯುಡಿಎಫ್ 2,943 ಮತಗಳಿಂದ ಸೋತಿತು. ಎರಡೂ ಸಲ ಅದರ ಪರವಾಗಿ ನಿಂತದ್ದು ಕೇರಳ ಕಾಂಗ್ರೆಸ್ ಎಂ ಎಂಬ ಸಣ್ಣ ಪಕ್ಷದವರೇ. ಮತದಾರರೂ ಅವರೇ. ತುಂಡು ರಬ್ಬರ್ ತೋಟ, ಭಾನುವಾರದ ಇಗರ್ಜಿ, ಮಕ್ಕಳಲ್ಲಿ ಒಬ್ಬರಾದರೂ ವಿದೇಶದಲ್ಲಿ ನರ್ಸ್ ಆಗಿರುವ ಸಿರಿಯನ್ ಕ್ಯಾಥೊಲಿಕ್ ಕುಟುಂಬಗಳು ದಟ್ಟವಾಗಿರುವ ಸೀಮೆ ಅದು.

ಕ್ರೈಸ್ತ ಮತದಾರರು ಸಣ್ಣ ಪಕ್ಷವೊಂದಕ್ಕೆ ಯಾಕೆ ಅಂಟಿಕೊಳ್ಳುತ್ತಾರೆ, ಯಾವಾಗ ಕೈಬಿಡುತ್ತಾರೆ ಎಂದು ಕೇಳುವವರಿಗೆ ಈ ಐದು ತಿಂಗಳು ಮತ್ತು ನಂತರದ ಐದು ವರ್ಷ ಒಳ್ಳೆಯ ಪಾಠ. ಇಲ್ಲಿ ಅದನ್ನು ಒಂದು ಬೂತ್‌ನ ಮಟ್ಟದಲ್ಲಿ ಇಟ್ಟು ನೋಡಲಾಗಿದೆ. ಬೂತ್ ಯಾವುದು, ಪಂಚಾಯ್ತಿ ಯಾವುದು ಎಂಬುದನ್ನು ಮರೆಸಿದೆ; ಅಕ್ಕಪಕ್ಕದ ಬೂತ್‌ಗಳಲ್ಲಿ ನಡೆಯುವಂಥದ್ದನ್ನೂ ಸೇರಿಸಿ ಒಂದೇ ಬೂತ್ ಎಂಬಂತೆ ಬರೆದಿದೆ. ಕಾರ್ಯಕರ್ತರಿಗೂ ಮತದಾರರಿಗೂ ಹೆಸರಿಲ್ಲ. ನಾಯಕರ ಹೆಸರು, ದಿನಾಂಕ, ಮತಗಳ ಅಂತರ ಇವಷ್ಟೇ ಬಹಿರಂಗ ದಾಖಲೆಯವು.

ಹಿನ್ನೆಲೆ

ಕೇರಳ ಕಾಂಗ್ರೆಸ್ ಹುಟ್ಟಿದ್ದು 1964ರ ಅಕ್ಟೋಬರ್‌ನಲ್ಲಿ, ಕೋಟ್ಟಯಂನಲ್ಲಿ. ಕಾಂಗ್ರೆಸ್ ನಾಯಕ ಪಿ.ಟಿ. ಚಾಕ್ಕೊ ಅವರನ್ನು ಪಕ್ಷ ನಡೆಸಿಕೊಂಡ ರೀತಿಗೆ ಸಿಟ್ಟಾದ 15 ಶಾಸಕರು ಆರ್. ಶಂಕರ್ ಸರ್ಕಾರವನ್ನು ಬೀಳಿಸಿ ಹೊರಬಂದರು. ಕೆ.ಎಂ. ಜಾರ್ಜ್ ಮುಂದಾಳಾದರು. ಹೊಸ ಪಕ್ಷಕ್ಕೆ ಹೆಸರಿಟ್ಟು ಹರಸಿದವರು ನಾಯರ್ ಸರ್ವೀಸ್ ಸೊಸೈಟಿಯ ಮನ್ನತ್ತ್ ಪದ್ಮನಾಭನ್. ಅಂದರೆ ಹುಟ್ಟುವಾಗ ಇದು ಬರೀ ಇಗರ್ಜಿಯ ಪಕ್ಷವಾಗಿರಲಿಲ್ಲ. ಮಧ್ಯ ತಿರುವಾಂಕೂರಿನ ಜಮೀನುಳ್ಳ ಕ್ರೈಸ್ತರದ್ದೂ ನಾಯರ್‌ಗಳದ್ದೂ ಕೂಡು ಪಕ್ಷ. 1965ರ ಚುನಾವಣೆಯಲ್ಲಿ 23 ಸ್ಥಾನ ಬಂತು. ಆಮೇಲೆ ಶುರುವಾಯಿತು ಒಡೆಯುವ ಪರ್ವ. 1979ರಲ್ಲಿ ಕೆ.ಎಂ. ಮಾಣಿ ತಮ್ಮ ಹೆಸರಿನ ಮೊದಲ ಅಕ್ಷರ ಹೊತ್ತ ಬಣ ಕಟ್ಟಿದರು, ಪಿ.ಜೆ. ಜೋಸೆಫ್ ಬೇರೆಯಾದರು, 2010ರಲ್ಲಿ ಇಬ್ಬರೂ ಮತ್ತೆ ಒಂದಾದರು. ಬೆಳೆದಂತೆ ಒಡೆಯುವ, ಒಡೆದಂತೆ ಬೆಳೆಯುವ ಪಕ್ಷ ಎಂಬ ಮಾಣಿಯವರದೇ ಮಾತು ಕೇರಳದಲ್ಲಿ ಗಾದೆಯಾಗಿದೆ.

ಇಷ್ಟು ಒಡೆದರೂ ಪಕ್ಷ ಬದುಕಿದ್ದಕ್ಕೆ ಮುಖ್ಯ ಕಾರಣ ಲೆಕ್ಕ. 2011ರ ಜನಗಣತಿಯಂತೆ ಕೇರಳದಲ್ಲಿ ಕ್ರೈಸ್ತರು ಶೇ. 18.38. ಅವರು ರಾಜ್ಯದ ತುಂಬ ಸಮವಾಗಿ ಹರಡಿಲ್ಲ. ಕೋಟ್ಟಯಂ, ಇಡುಕ್ಕಿ, ಪತ್ತನಂತಿಟ್ಟ, ಎರ್ನಾಕುಲಂನ ಪೂರ್ವಭಾಗಗಳಲ್ಲಿ ಗುಂಪಾಗಿದ್ದಾರೆ. 140 ಸ್ಥಾನದ ಸಭೆಯಲ್ಲಿ ಎರಡು ರಂಗಗಳ ನಡುವಿನ ಅಂತರ ಕೆಲವೇ ಸ್ಥಾನಗಳದ್ದಾದಾಗ, ಹತ್ತು ಹದಿನೈದು ಕ್ಷೇತ್ರಗಳಲ್ಲಿ ಗಟ್ಟಿಯಾಗಿರುವ ಪಕ್ಷಕ್ಕೆ ಮಂತ್ರಿಗಿರಿ ತಾನಾಗಿಯೇ ಬರುತ್ತದೆ. ಮಾಣಿ 1965ರಿಂದ ಸಾಯುವವರೆಗೆ ಪಾಲಾದ ಶಾಸಕ. ಹಣಕಾಸು ಮಂತ್ರಿಯಾಗಿ 13 ಬಜೆಟ್ ಮಂಡಿಸಿದವರು. ರಬ್ಬರ್ ಬೆಲೆ ಕುಸಿದಾಗ ಕಿಲೋಗೆ ₹150 ಖಾತರಿ ಕೊಡುವ ಪ್ರೋತ್ಸಾಹಧನ ಯೋಜನೆ 2015ರ ಬಜೆಟ್‌ನಲ್ಲಿ ಬಂದದ್ದು ಅವರ ಕೈಯಿಂದಲೇ. ಬೆಳೆಗಾರ ತನ್ನ ಊರಿನ ರಬ್ಬರ್ ಉತ್ಪಾದಕರ ಸಂಘದಲ್ಲಿ ಹೆಸರು ನೋಂದಾಯಿಸಿ, ಶೀಟು ಮಾರಿದ ಬಿಲ್ಲು ಕೊಟ್ಟರೆ, ಪೇಟೆ ಬೆಲೆಗೂ ಖಾತರಿ ಬೆಲೆಗೂ ಇರುವ ಅಂತರ ಬ್ಯಾಂಕ್ ಖಾತೆಗೆ ಬೀಳುತ್ತದೆ.

ಈ ಪಕ್ಷದ ಆಕರ್ಷಣೆಯನ್ನು ಧರ್ಮದಲ್ಲಿ ಹುಡುಕಿದರೆ ದಾರಿ ತಪ್ಪುತ್ತದೆ. ಪಕ್ಷದ ಪ್ರಣಾಳಿಕೆಯಲ್ಲಿ ದೇವಶಾಸ್ತ್ರ ಇಲ್ಲ. ಅನುದಾನಿತ ಶಾಲೆಯ ನೇಮಕ, ಜಮೀನಿನ ಪಟ್ಟಾ, ರಬ್ಬರ್ ಬೆಲೆ, ಮಲೆನಾಡಿನ ರಸ್ತೆ, ಆಸ್ಪತ್ರೆಗೆ ಒಂದು ಶಿಫಾರಸು ಪತ್ರ ಇವೇ ಇವೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಿದ್ದರೆ ಮಂತ್ರಿಯ ಮನೆಗೆ ನೇರ ಹೋಗಿ ನಿಲ್ಲಬಹುದು ಎಂಬ ಭರವಸೆಯೇ ಪಕ್ಷದ ಬಂಡವಾಳ. ಇನ್ನೊಂದು ಸಂಗತಿಯನ್ನು ಹೊರಗಿನವರು ಗಮನಿಸುವುದು ಕಡಿಮೆ: ಕಮ್ಯುನಿಸ್ಟ್ ಸರ್ಕಾರದ ಎದುರು ನಡೆದ 1959ರ ವಿಮೋಚನಾ ಹೋರಾಟದಿಂದ ಬಂದ ಕಮ್ಯುನಿಸ್ಟ್ ವಿರೋಧ. ಮಾಣಿಯವರಿಗೆ ಹಾಕಿದ ಮತ ಆ ಮನೆಗಳಲ್ಲಿ ಕಮ್ಯುನಿಸ್ಟರ ವಿರುದ್ಧ ಹಾಕಿದ ಮತವೂ ಆಗಿತ್ತು. ಈ ಎರಡು ಎಳೆ, ಒಂದು ಕೆಲಸಕ್ಕೆ ಸಿಗುವ ಕೈ, ಇನ್ನೊಂದು ಯಾವ ಕಡೆ ನಿಂತಿದ್ದೇವೆ ಎಂಬ ಗುರುತು, ಹೆಣೆದುಕೊಂಡೇ ಇದ್ದುದರಿಂದ ಯಾವುದರ ಬಲ ಎಷ್ಟು ಎಂದು ಯಾರಿಗೂ ತಿಳಿಯುವ ಅಗತ್ಯ ಬಿದ್ದಿರಲಿಲ್ಲ.

ಸಮಸ್ಯೆ

2019ರ ಏಪ್ರಿಲ್ 9ರಂದು ಮಾಣಿ ತೀರಿಕೊಂಡರು. ಜೂನ್ 16ರಂದು ಕೋಟ್ಟಯಂನಲ್ಲಿ ಸೇರಿದ ಸಭೆ ಮಗ ಜೋಸ್ ಕೆ. ಮಾಣಿಯನ್ನು ಅಧ್ಯಕ್ಷನೆಂದು ಸಾರಿತು. ಕಾರ್ಯಾಧ್ಯಕ್ಷ ಜೋಸೆಫ್ ಆ ಸಭೆಯೇ ಅಕ್ರಮ ಎಂದರು. ಅಷ್ಟರಲ್ಲಿ ಪಾಲಾ ಉಪಚುನಾವಣೆ ಬಂತು. ಜೋಸ್ ಬಣ ಜೋಸ್ ಟಾಮ್ ಅವರನ್ನು ನಿಲ್ಲಿಸಿತು. ಪಕ್ಷದ ಎರಡೆಲೆ ಚಿಹ್ನೆಯನ್ನು ಕೊಡುವ ಅಧಿಕಾರ ತನ್ನದು ಎಂದು ಜೋಸೆಫ್ ಹಿಡಿದು ಕೂತರು.

ಇಲ್ಲಿ ಕಾನೂನಿನ ಒಂದು ಸಣ್ಣ ಕೀಲಿದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಆದರೆ ಪಕ್ಷದ ನಮೂನೆ ‘ಎ’ ಮತ್ತು ‘ಬಿ’ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3ರೊಳಗೆ, ಶಾಯಿಯ ಸಹಿಯೊಂದಿಗೆ, ಚುನಾವಣಾಧಿಕಾರಿಯ ಕೈಸೇರಬೇಕು. ಯಾರು ಸಹಿ ಹಾಕಬಹುದು ಎಂಬುದನ್ನು ನಮೂನೆ ‘ಎ’ ಹೇಳುತ್ತದೆ, ಯಾರಿಗೆ ಚಿಹ್ನೆ ಎಂಬುದನ್ನು ನಮೂನೆ ‘ಬಿ’ ಹೇಳುತ್ತದೆ. ಪಕ್ಷದೊಳಗೆ ಸಹಿಯ ಅಧಿಕಾರವೇ ತಕರಾರಿನಲ್ಲಿದ್ದರೆ ಚುನಾವಣಾಧಿಕಾರಿ ಅದನ್ನು ಬಗೆಹರಿಸುತ್ತಾ ಕೂರುವುದಿಲ್ಲ. ದಾಖಲೆಯಲ್ಲಿ ಇರುವವರ ಸಹಿ ಇಲ್ಲದಿದ್ದರೆ ಪಕ್ಷದ ಅಭ್ಯರ್ಥಿ ಎಂಬ ನಾಮಪತ್ರ ಬಿತ್ತು. ಅದಕ್ಕೇ ಅನುಭವಸ್ಥರು ಎರಡು ಕಟ್ಟು ಸಲ್ಲಿಸುತ್ತಾರೆ: ಒಂದು ಪಕ್ಷದ ಹೆಸರಲ್ಲಿ, ಇನ್ನೊಂದು ಹತ್ತು ಸೂಚಕರ ಸಹಿಯೊಂದಿಗೆ ಪಕ್ಷೇತರನಾಗಿ. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರದವರೆಗೆ ಕೊಡಬಹುದು, ಠೇವಣಿ ಒಂದೇ. ಪಾಲಾದಲ್ಲಿ ಮೊದಲನೆಯದು ತಿರಸ್ಕೃತವಾಯಿತು, ಎರಡನೆಯದು ಉಳಿಸಿತು. ಚಿಹ್ನೆ: ಅನಾನಸು. ಎಳೆ ರಬ್ಬರ್ ತೋಟದ ಸಾಲುಗಳ ನಡುವೆ ಮೊದಲ ಮೂರ್ನಾಲ್ಕು ವರ್ಷ ಬೆಳೆಯುವುದು ಅದನ್ನೇ ಆದ್ದರಿಂದ ಹಣ್ಣೇನೋ ಎಲ್ಲರಿಗೂ ಪರಿಚಿತ.

ಪಕ್ಷೇತರನಾದರೆ ಇನ್ನೊಂದು ನಷ್ಟವಿದೆ. ಮತಯಂತ್ರದ ಹಾಳೆಯಲ್ಲಿ ಮಾನ್ಯತೆ ಪಡೆದ ಪಕ್ಷಗಳವರು ಮೊದಲು, ನೋಂದಾಯಿತ ಆದರೆ ಮಾನ್ಯತೆ ಇಲ್ಲದ ಪಕ್ಷಗಳವರು ಆಮೇಲೆ, ಪಕ್ಷೇತರರು ಕೊನೆಗೆ. ಪ್ರತಿ ಗುಂಪಿನೊಳಗೆ ಅಕ್ಷರಮಾಲೆಯ ಕ್ರಮ. ಐವತ್ತು ವರ್ಷ ಮೇಲಿನ ಸಾಲುಗಳಲ್ಲಿ ಕಾಣುತ್ತಿದ್ದ ‘ನಮ್ಮವರು’ ಒಮ್ಮೆಲೇ ಕೆಳಗಿಳಿದರು. ನಾಮಪತ್ರ ಹಿಂಪಡೆಯುವ ದಿನ ಮುಗಿದು ಚಿಹ್ನೆ ಖಚಿತವಾದ ಮೇಲೆ ಮತದಾನಕ್ಕೆ ಉಳಿದದ್ದು ಎರಡು ವಾರ ಚಿಲ್ಲರೆ.

ಬೂತ್ ಸಮಿತಿ ಏನು ಮಾಡಿತು

ನಮ್ಮ ಬೂತ್‌ನಲ್ಲಿ ಸಮಿತಿಯ ಕೆಲಸ ಹೊತ್ತವರು ಮೂವರು: ಅರವತ್ತು ದಾಟಿದ ರಬ್ಬರ್ ಬೆಳೆಗಾರ, ಅನುದಾನಿತ ಶಾಲೆಯಿಂದ ನಿವೃತ್ತರಾದ ಮೇಷ್ಟ್ರು, ಯುವ ಘಟಕದ ಹುಡುಗ. ಮೂವರಿಗೂ ಮತದಾರರ ಪಟ್ಟಿ ಬಾಯಿಪಾಠ. ಪಟ್ಟಿಯಲ್ಲಿ ಪ್ರತಿ ಮನೆಯ ಎದುರು ಮೂರು ಬಣ್ಣದ ಗುರುತು: ಗಟ್ಟಿ, ಅನುಮಾನ, ಎದುರು. ಮನೆಮನೆಗೆ ಹೋಗುವ ಗುಂಪಿಗೆ ಕೇರಳದಲ್ಲಿ ಸ್ಕ್ವಾಡ್ ಎನ್ನುತ್ತಾರೆ. ಸಾಮಾನ್ಯವಾಗಿ ಮೂರು ಸುತ್ತು: ಮೊದಲದು ವಿನಂತಿ ಪತ್ರ ಕೊಡಲು, ಎರಡನೆಯದು ಮತದಾರರ ಚೀಟಿ ಕೊಡಲು, ಕೊನೆಯದು ಹಿಂದಿನ ದಿನ ಬರೀ ‘ಅನುಮಾನ’ದ ಮನೆಗಳಿಗೆ. ‘ಗಟ್ಟಿ’ ಮನೆಗಳಿಗೆ ಹೊತ್ತು ಕಳೆಯಬಾರದು ಎಂಬುದು ಹಳೆಯ ನಿಯಮ.

ಮೊದಲ ನಿರ್ಧಾರ ಚಿಹ್ನೆಯ ಅಭ್ಯಾಸ. ಮತಯಂತ್ರದ ರಟ್ಟಿನ ಮಾದರಿ ಮಾಡಿಸಿ, ಅಭ್ಯರ್ಥಿಯ ಸಾಲು ಎಷ್ಟನೆಯದು, ಅನಾನಸು ಎಲ್ಲಿದೆ ಎಂದು ವಯಸ್ಸಾದವರ ಬೆರಳು ಹಿಡಿದು ತೋರಿಸುವುದು. ಇದು ಚೆನ್ನಾಗಿ ನಡೆಯಿತು. 2015ರಿಂದ ಅಭ್ಯರ್ಥಿಯ ಫೋಟೋವೂ ಹಾಳೆಯಲ್ಲಿ ಇರುವುದರಿಂದ ಗುಂಡಿ ಹುಡುಕಲಾರದೆ ಮತ ತಪ್ಪಿಸಿಕೊಂಡವರು ಬಹಳ ಇರಲಾರರು. ಚಿಹ್ನೆ ಕೈಬಿಟ್ಟದ್ದೇ ಸೋಲಿಗೆ ಕಾರಣ ಎಂದು ಆಮೇಲೆ ಹಲವರು ಹೇಳಿದರು. ಬೂತ್ ಮಟ್ಟದಲ್ಲಿ ನೋಡಿದರೆ ಅದು ಅರ್ಧ ಸತ್ಯ.

ಇನ್ನರ್ಧ ಅಂಗಳದ ಮಾತಿನಲ್ಲಿತ್ತು. ರಟ್ಟಿನ ಮಾದರಿ ಹಿಡಿದು ಹೋದ ಹುಡುಗನಿಗೆ ಎಂಬತ್ತರ ಅಮ್ಮಚ್ಚಿಯೊಬ್ಬರು ಕೇಳುತ್ತಾರೆ:

“ಮೋನೇ, ಮಾಣಿ ಸಾರ್ ಎಲೆ ಎಲ್ಲಿ?”

“ಈ ಸಲ ಎಲೆ ಇಲ್ಲ ಅಮ್ಮಚ್ಚೀ, ಅನಾನಸಿಗೆ ಒತ್ತಬೇಕು.”

“ಎಲೆ ಯಾರು ಇಟ್ಟುಕೊಂಡರು?”

ಇದಕ್ಕೆ ಉತ್ತರ ಕೊಡಲು ಹೊರಟರೆ ಪಕ್ಷದ ಜಗಳ ಪೂರ್ತಿ ಬಿಚ್ಚಬೇಕು. ಜೋಸೆಫ್ ಅವರ ಹೆಸರು ಹೇಳಿದರೆ, ಪಕ್ಕದ ಮನೆಯವರು ತೊಡುಪುಳ ಕಡೆಯ ನೆಂಟಸ್ತಿಕೆಯವರು, ಜೋಸೆಫ್ ಅಭಿಮಾನಿಗಳು. ಹೇಳದೆ ಬಂದರೆ ಅಮ್ಮಚ್ಚಿಗೆ ಅನುಮಾನ. ಎರಡು ವಾರದಲ್ಲಿ ಸಿಕ್ಕ ಅಷ್ಟೂ ಹೊತ್ತು ಈ ವಿವರಣೆಗೇ ಹೋಯಿತು. ಎದುರಾಳಿಯ ಬಗ್ಗೆ ಮಾತೆತ್ತಲು ಸಮಯ ಉಳಿಯಲಿಲ್ಲ. ಎದುರಾಳಿ, ಕಮ್ಯುನಿಸ್ಟರ ಮುಂದಾಳತ್ವದ ಎಲ್‌ಡಿಎಫ್ ರಂಗದ ಮಾಣಿ ಸಿ. ಕಾಪ್ಪನ್ ಕೂಡ ಕ್ಯಾಥೊಲಿಕರೇ, ಊರಿನವರೇ, ಮೂರು ಸಲ ಕೆ.ಎಂ. ಮಾಣಿಯವರ ಎದುರು ಸೋತು ಅನುಕಂಪ ಗಳಿಸಿದವರು. ‘ಈ ಸಲ ಆತನಿಗೊಂದು ಕೊಟ್ಟುಬಿಡೋಣ’ ಎಂಬ ಮಾತು ಗಟ್ಟಿ ಎಂದು ಗುರುತು ಹಾಕಿದ್ದ ಮನೆಗಳಿಂದಲೇ ಕೇಳಿಬಂತು. ಆ ಮನೆಗಳಿಗೆ ಮೂರನೇ ಸುತ್ತು ಹೋಗಬಾರದು ಎಂಬ ಹಳೆಯ ನಿಯಮ ಇಲ್ಲಿ ಕೈಕೊಟ್ಟಿತು.

ಎರಡನೆಯ ನಿರ್ಧಾರ: ಜಂಟಿ ವೇದಿಕೆ. ಯುಡಿಎಫ್ ಸಭೆಗೆ ಜೋಸೆಫ್ ಅವರನ್ನು ಕರೆಸಿ ಒಗ್ಗಟ್ಟು ತೋರಿಸಬೇಕು ಎಂಬುದು ಲೆಕ್ಕಾಚಾರ. ಪಾಲಾದ ಸಮಾವೇಶದಲ್ಲಿ ಜೋಸೆಫ್ ಮಾತಿಗೆ ನಿಂತಾಗ ಜೋಸ್ ಬಣದ ಕಾರ್ಯಕರ್ತರು ಕೂಗಿ ಅಡ್ಡಿಪಡಿಸಿದರು. ಟಿವಿಯಲ್ಲಿ ಅದು ಮತ್ತೆ ಮತ್ತೆ ಬಂತು. ಆ ಮರುದಿನದಿಂದ ನಮ್ಮ ಬೂತ್‌ನ ಜೋಸೆಫ್ ಕಡೆಯ ಮನೆಗಳಲ್ಲಿ ಸ್ಕ್ವಾಡ್‌ಗೆ ಕಾಫಿ ಸಿಕ್ಕಿತು, ಮಾತು ಸಿಗಲಿಲ್ಲ. ಒಗ್ಗಟ್ಟು ಇಲ್ಲದಿದ್ದಾಗ ಅದನ್ನು ವೇದಿಕೆಯ ಮೇಲೆ ತೋರಿಸಲು ಹೋಗುವುದಕ್ಕಿಂತ, ಎರಡು ಬಣಗಳೂ ತಂತಮ್ಮ ಮನೆಗಳಿಗೆ ಬೇರೆ ಬೇರೆ ಹೋಗಿ ಕೇಳಿದ್ದರೆ ನಷ್ಟ ಕಡಿಮೆ ಆಗುತ್ತಿತ್ತು.

ಮೂರನೆಯದು ಇಗರ್ಜಿಯ ವಿಷಯ. ಇಗರ್ಜಿಯ ಕುಟುಂಬಗಳು ವಾರ್ಡುವಾರು ಕೂಡಿ ಪ್ರಾರ್ಥನೆ ಮಾಡುವ ಕೂಟಗಳಿವೆ. ಕೂಟದ ಮುಖಂಡರೂ ಪಕ್ಷದ ಕಾರ್ಯಕರ್ತರೂ ಎಷ್ಟೋ ಕಡೆ ಒಬ್ಬರೇ. ಹಿಂದೆ ಪ್ರಾರ್ಥನೆ ಮುಗಿದ ಮೇಲೆ ಚಹಾದ ಹೊತ್ತಿಗೆ ಚುನಾವಣೆ ಮಾತು ಸಹಜವಾಗಿ ಬರುತ್ತಿತ್ತು. ಈ ಸಲ ಕೂಟದಲ್ಲೇ ಎರಡು ಬಣ ಆದ್ದರಿಂದ ಆ ಮಾತು ಬೇಡ ಎಂದು ಫಾದರ್ ಸೂಚಿಸಿದರು. ಅದರಲ್ಲಿ ತಪ್ಪೇನಿಲ್ಲ. ಜನಪ್ರಾತಿನಿಧ್ಯ ಕಾಯಿದೆಯ 123(3)ನೇ ಕಲಂ ಧರ್ಮದ ಹೆಸರಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎನ್ನುತ್ತದೆ, 2017ರ ಜನವರಿ 2ರಂದು ಸುಪ್ರೀಂ ಕೋರ್ಟ್ ಅದನ್ನು ಮತದಾರರ ಧರ್ಮಕ್ಕೂ ವಿಸ್ತರಿಸಿತು. ಆದರೆ ಪಕ್ಷಕ್ಕೆ ಇದ್ದ ಅತ್ಯಂತ ಅಗ್ಗದ, ಅತ್ಯಂತ ನಂಬಿಕೆಯ ದಾರಿ ಅಲ್ಲಿಗೆ ಮುಚ್ಚಿತು. ಸಣ್ಣ ಪಕ್ಷ ಒಡೆದಾಗ ಸಮುದಾಯದ ಸಂಸ್ಥೆಗಳು ಯಾರ ಕಡೆಗೂ ವಾಲದೆ ಹಿಂದೆ ಸರಿಯುತ್ತವೆ. ಪಕ್ಷದವರು ಅದನ್ನು ದ್ರೋಹ ಎಂದುಕೊಳ್ಳುತ್ತಾರೆ. ಇಗರ್ಜಿಗೆ ಎರಡೂ ಕಡೆಯವರು ಬೇಕು.

ಫಲಿತಾಂಶ: ಕಾಪ್ಪನ್ 54,137, ಜೋಸ್ ಟಾಮ್ 51,194, ಬಿಜೆಪಿ 18,044. ಇದಕ್ಕೆ ಅನಾನಸನ್ನೇ ಹೊಣೆ ಮಾಡುವವರು ಹಿಂದಿನ ಅಂತರಗಳನ್ನು ನೋಡಬೇಕು. ಇದೇ ಕಾಪ್ಪನ್ ಎದುರು ಮಾಣಿಯವರ ಗೆಲುವು 2006ರಲ್ಲಿ 7,759, 2011ರಲ್ಲಿ 5,259, 2016ರಲ್ಲಿ 4,703 ಮತಗಳಿಂದ. ಎರಡೆಲೆ ಇದ್ದಾಗಲೇ ನೀರು ಇಳಿಯುತ್ತಿತ್ತು. ಬಾರ್ ಮಾಲೀಕರಿಂದ ಲಂಚ ಪಡೆದರೆಂಬ ಪ್ರಕರಣದಲ್ಲಿ ಮಾಣಿ 2015ರಲ್ಲಿ ಮಂತ್ರಿಗಿರಿ ಬಿಟ್ಟದ್ದು, 2016ರಲ್ಲಿ ಯುಡಿಎಫ್ ತೊರೆದು 2018ರಲ್ಲಿ ಮರಳಿದ್ದು, ಎಲ್ಲವೂ ಆ ಇಳಿತದ ಅಕ್ಕಪಕ್ಕದಲ್ಲೇ ಇವೆ.

ತಿರುವು: ರಂಗ ಬದಲು

2020ರ ಜೂನ್ 29ರಂದು, ಕೋಟ್ಟಯಂ ಜಿಲ್ಲಾ ಪಂಚಾಯ್ತಿ ಅಧ್ಯಕ್ಷಗಿರಿಯನ್ನು ಒಪ್ಪಂದದಂತೆ ಜೋಸೆಫ್ ಬಣಕ್ಕೆ ಬಿಟ್ಟುಕೊಡಲಿಲ್ಲ ಎಂದು ಯುಡಿಎಫ್ ಜೋಸ್ ಬಣವನ್ನು ಹೊರಹಾಕಿತು. ಆಗಸ್ಟ್ ಕೊನೆಯಲ್ಲಿ ಚುನಾವಣಾ ಆಯೋಗ ಎರಡೆಲೆಯನ್ನು ಜೋಸ್ ಬಣಕ್ಕೆ ಕೊಟ್ಟಿತು. ಇಂಥ ತಕರಾರನ್ನು ಆಯೋಗ ತೀರ್ಮಾನಿಸುವುದು 1968ರ ಚಿಹ್ನೆ ಆದೇಶದ 15ನೇ ಪ್ಯಾರಾದಡಿ. ಅಕ್ಟೋಬರ್ 14ರಂದು ಜೋಸ್ ಎಲ್‌ಡಿಎಫ್ ಜೊತೆ ಹೋಗುವುದಾಗಿ ಸಾರಿದರು. 1959ರಿಂದ ಆ ಮನೆಗಳು ಬಹುಮಟ್ಟಿಗೆ ಯಾರ ವಿರುದ್ಧ ಮತ ಹಾಕಿಕೊಂಡು ಬಂದವೋ ಅವರ ಜೊತೆಗೇ.

ಬೂತ್ ಸಮಿತಿ ಒಡೆಯಿತು. ಬೆಳೆಗಾರ ಜೋಸ್ ಜೊತೆ ಉಳಿದರು, ಮೇಷ್ಟ್ರು ಜೋಸೆಫ್ ಕಡೆ ಹೋದರು, ಹುಡುಗ ಐರ್ಲೆಂಡ್ ವೀಸಾದ ಓಡಾಟದಲ್ಲಿದ್ದ. 2015ರಲ್ಲಿ ಎರಡೆಲೆಯಲ್ಲಿ ಗೆದ್ದ ವಾರ್ಡ್ ಸದಸ್ಯೆಯ ಪಾಡು ಇನ್ನೂ ಕಷ್ಟ. 1999ರ ಕೇರಳ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯಿದೆಯಂತೆ ಪಕ್ಷ ಬಿಟ್ಟರೆ, ವಿಪ್ ಮೀರಿದರೆ ಸದಸ್ಯತ್ವ ಹೋಗುತ್ತದೆ, ಆರು ವರ್ಷ ಸ್ಪರ್ಧಿಸುವಂತಿಲ್ಲ. ಆದರೆ ವಿಪ್ ಕೊಡುವ ಪಕ್ಷ ಯಾವುದು? ಎರಡು ಕಡೆಯಿಂದ ಎರಡು ವಿಪ್ ಬರುವ ಸ್ಥಿತಿ. ಅವರು ಮಾಡಿದ್ದು ಇಂಥ ಹೊತ್ತಿನಲ್ಲಿ ಜಾಣರು ಮಾಡುವುದನ್ನೇ: ವಿಪ್ ಬರಬಹುದಾದ ಸಭೆಗಳನ್ನು ಬಿಟ್ಟು ಉಳಿದ ಸಭೆಗಳಿಗೆ ಹೋದರು, ಅವಧಿ ಮುಗಿಯುವ ತನಕ ಯಾವ ಬಣದ ವೇದಿಕೆಯನ್ನೂ ಹತ್ತಲಿಲ್ಲ.

2020ರ ಡಿಸೆಂಬರ್ 10ರ ಸ್ಥಳೀಯ ಚುನಾವಣೆ ಈ ಪ್ರಕರಣದ ನಿಜವಾದ ಪ್ರಯೋಗಶಾಲೆ. ಗ್ರಾಮ ಪಂಚಾಯ್ತಿಯ ಮತದಾರ ಒಂದೇ ಸಲಕ್ಕೆ ಮೂರು ಮತ ಹಾಕುತ್ತಾನೆ: ಗ್ರಾಮ ಪಂಚಾಯ್ತಿಗೆ ಬಿಳಿ ಹಾಳೆ, ಬ್ಲಾಕ್‌ಗೆ ಗುಲಾಬಿ, ಜಿಲ್ಲೆಗೆ ನೀಲಿ. ಹೈಕೋರ್ಟ್ ತೀರ್ಪಿನ ಬಳಿಕ ಎರಡೆಲೆ ಜೋಸ್ ಬಣಕ್ಕೆ ಉಳಿಯಿತು, ಜೋಸೆಫ್ ಬಣಕ್ಕೆ ಚೆಂಡೆ ಸಿಕ್ಕಿತು. ನಮ್ಮ ಬೂತ್‌ನಲ್ಲಿ ಎರಡೂ ಬಣದವರು ವಾರ್ಡಿಗೆ ಹೆಣ್ಣುಮಕ್ಕಳನ್ನೇ ನಿಲ್ಲಿಸಿದರು; ಇಬ್ಬರೂ ಒಂದೇ ಇಗರ್ಜಿಯವರು. ಎಷ್ಟೋ ಮನೆಗಳು ಬಿಳಿ ಹಾಳೆಯಲ್ಲಿ ಒಂದು ರಂಗ, ನೀಲಿಯಲ್ಲಿ ಇನ್ನೊಂದು ರಂಗ ಎಂದು ಹಂಚಿ ಹಾಕಿದವು. ವಾರ್ಡಿಗೆ ಕರೆದರೆ ಬರುವವರು ಬೇಕು, ರಂಗ ಯಾವುದಾದರೇನು ಎಂಬ ತರ್ಕ. ಆ ತರ್ಕ ಜೋಸ್ ಬಣಕ್ಕೆ ಲಾಭ ತಂದಿತು: ಎಲ್‌ಡಿಎಫ್ ಪಾಲಾ ನಗರಸಭೆಯನ್ನು ಮೊದಲ ಸಲ ಗೆದ್ದಿತು, ಕೋಟ್ಟಯಂ ಜಿಲ್ಲಾ ಪಂಚಾಯ್ತಿಯೂ ಅದಕ್ಕೇ ಬಂತು. ಮಾಣಿಯವರ ಮತ ಮಗನ ಜೊತೆ ಎಡಕ್ಕೆ ನಡೆದುಬಿಟ್ಟಿದೆ ಎಂದು ತಿರುವನಂತಪುರದಲ್ಲಿ ಎಲ್ಲರೂ ಬರೆದರು.

ಆರು ತಿಂಗಳೂ ತುಂಬುವ ಮೊದಲೇ ಆ ತೀರ್ಮಾನ ಬಿತ್ತು. 2021ರ ವಿಧಾನಸಭಾ ಚುನಾವಣೆಯಲ್ಲಿ ಎಲ್‌ಡಿಎಫ್ 140ರಲ್ಲಿ 99 ಗೆದ್ದು ಅಧಿಕಾರ ಉಳಿಸಿಕೊಂಡಿತು. ಕೇರಳ ಕಾಂಗ್ರೆಸ್ ಎಂ ಐದು ಸ್ಥಾನ ಗೆದ್ದಿತು, ಜೋಸೆಫ್ ಬಣ ಹತ್ತರಲ್ಲಿ ಎರಡೇ. ಆದರೆ ಪಾಲಾದಲ್ಲಿ, ಎರಡೆಲೆ ಕೈಯಲ್ಲಿದ್ದೂ, ರಾಜ್ಯದ ಗಾಳಿ ತನ್ನ ಕಡೆ ಇದ್ದೂ, ಜೋಸ್ ಕೆ. ಮಾಣಿ 15,378 ಮತಗಳಿಂದ ಸೋತರು. ಗೆದ್ದವರು ಅದೇ ಕಾಪ್ಪನ್. ಪಾಲಾ ಸೀಟನ್ನು ಜೋಸ್‌ಗೆ ಕೊಟ್ಟದ್ದಕ್ಕೆ ಎಲ್‌ಡಿಎಫ್ ಬಿಟ್ಟು ಯುಡಿಎಫ್‌ಗೆ ಬಂದಿದ್ದರು. ಅಭ್ಯರ್ಥಿಗಳು ರಂಗಗಳನ್ನು ಅದಲುಬದಲು ಮಾಡಿಕೊಂಡರು, ಕ್ಷೇತ್ರ ರಂಗದ ಜೊತೆ ಹೋಯಿತು.

ಇದಕ್ಕಿಂತ ಸ್ವಚ್ಛವಾದ ಪುರಾವೆ ಲೋಕಸಭೆಯದ್ದು. ಕೋಟ್ಟಯಂನಲ್ಲಿ ಥಾಮಸ್ ಚಾಳಿಕ್ಕಾಡನ್ 2019ರಲ್ಲಿ ಯುಡಿಎಫ್‌ನಿಂದ, ಎರಡೆಲೆಯಲ್ಲಿ, 4,21,046 ಮತ ಪಡೆದು 1,06,259ರ ಅಂತರದಿಂದ ಗೆದ್ದರು. 2024ರಲ್ಲಿ ಅದೇ ಚಾಳಿಕ್ಕಾಡನ್, ಅದೇ ಎರಡೆಲೆ, ಎಲ್‌ಡಿಎಫ್‌ನಿಂದ: 2,77,365 ಮತ, 87,266ರ ಸೋಲು. ಗೆದ್ದ ಫ್ರಾನ್ಸಿಸ್ ಜಾರ್ಜ್ ಜೋಸೆಫ್ ಬಣದವರು, ಚಿಹ್ನೆ ಆಟೋರಿಕ್ಷಾ. ಎರಡೂ ಚುನಾವಣೆಗಳಲ್ಲಿ ರಾಜ್ಯದ ಗಾಳಿ ಹೆಚ್ಚುಕಡಿಮೆ ಒಂದೇ ದಿಕ್ಕಿನದು. ಯುಡಿಎಫ್ 20ರಲ್ಲಿ ಒಮ್ಮೆ 19, ಒಮ್ಮೆ 18 ಗೆದ್ದಿದೆ. ಮನುಷ್ಯ ಬದಲಾಗಲಿಲ್ಲ, ಚಿಹ್ನೆ ಬದಲಾಗಲಿಲ್ಲ, ಗಾಳಿ ಬದಲಾಗಲಿಲ್ಲ. ರಂಗ ಬದಲಾಯಿತು. 1,43,681 ಮತ ಕಳೆಯಿತು.

ರಬ್ಬರ್ ಲೆಕ್ಕ

ಹಾಗಾದರೆ ಕೆಲಸಕ್ಕೆ ಸಿಗುವ ಕೈಗೆ ಬೆಲೆಯೇ ಇಲ್ಲವೆ? ಇದೆ, ಆದರೆ ಅದರ ಬೆಲೆಯನ್ನು ಮತದಾರ ರೂಪಾಯಿಯಲ್ಲಿ ಎಣಿಸುತ್ತಾನೆ. ಎಲ್‌ಡಿಎಫ್ ಸರ್ಕಾರ ರಬ್ಬರ್ ಖಾತರಿ ಬೆಲೆಯನ್ನು 2021ರಲ್ಲಿ ₹170ಕ್ಕೆ, 2024ರ ಫೆಬ್ರವರಿ ಬಜೆಟ್‌ನಲ್ಲಿ ₹180ಕ್ಕೆ ಏರಿಸಿತು. 2021ರ ಪ್ರಣಾಳಿಕೆಯ ಮಾತು ₹250. ಕೇರಳ ಕಾಂಗ್ರೆಸ್ ಎಂ ಮಂತ್ರಿ ಸಂಪುಟದ ಒಳಗಿದ್ದೂ ಮೂರು ವರ್ಷದಲ್ಲಿ ತಂದದ್ದು ಹತ್ತು ರೂಪಾಯಿ.

ಎರಡು ಎಕರೆ ರಬ್ಬರ್ ಇರುವ ಮನೆಯ ಲೆಕ್ಕ ಹೀಗೆ: ವರ್ಷಕ್ಕೆ ಸುಮಾರು 1,000 ಕಿಲೋ ಒಣ ಶೀಟು ಎಂದುಕೊಂಡರೆ ಹತ್ತು ರೂಪಾಯಿ ಏರಿಕೆಯಿಂದ ಗರಿಷ್ಠ ₹10,000. ಅದೂ ಪೇಟೆ ಬೆಲೆ ಖಾತರಿಗಿಂತ ಕೆಳಗಿದ್ದರೆ ಮಾತ್ರ. ಮೇಲೆ ಹೋದರೆ ಯೋಜನೆಯಿಂದ ಒಂದು ಪೈಸೆಯೂ ಇಲ್ಲ. 2024ರ ಬೇಸಿಗೆಯಲ್ಲಿ ಪೇಟೆಯೇ ಏರುತ್ತಿತ್ತು. ಟ್ಯಾಪಿಂಗ್ ಕೂಲಿ ಏರಿದೆ, ಮಳೆಗಾಲಕ್ಕೆ ಮರಕ್ಕೆ ಕಟ್ಟುವ ಪ್ಲಾಸ್ಟಿಕ್ ಹೊದಿಕೆಯ ಖರ್ಚು ಬೇರೆ. ಮಂತ್ರಿ ನಮ್ಮವರು ಎಂಬ ಮಾತು ಈ ಲೆಕ್ಕದ ಎದುರು ನಿಲ್ಲಲಿಲ್ಲ. ಇದೇ ಹೊತ್ತಿಗೆ ಹೊರಗಿನಿಂದಲೂ ಬೆಲೆ ಕೂಗಿದವರಿದ್ದರು: 2023ರ ಮಾರ್ಚ್‌ನಲ್ಲಿ ತಲಶ್ಶೇರಿಯ ಆರ್ಚ್‌ಬಿಷಪ್, ಕೇಂದ್ರ ಕಿಲೋಗೆ ₹300 ಕೊಟ್ಟರೆ ಬಿಜೆಪಿಗೆ ಕೇರಳದಿಂದ ಒಬ್ಬ ಸಂಸದನಿಲ್ಲ ಎಂಬ ಕೊರತೆ ನೀಗಿಸುತ್ತೇವೆ ಎಂಬರ್ಥದ ಮಾತಾಡಿದರು. ಸಣ್ಣ ಪಕ್ಷದ ಮೂಲಕ ಚೌಕಾಸಿ ಮಾಡುತ್ತಿದ್ದ ಸಮುದಾಯ ದೊಡ್ಡ ಪಕ್ಷದ ಜೊತೆ ನೇರ ಚೌಕಾಸಿಗೂ ಇಳಿಯಬಲ್ಲದು ಎಂಬುದು ಅಲ್ಲಿ ಬಯಲಾಯಿತು. ಮಧ್ಯವರ್ತಿಗೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ.

ಪ್ರಕರಣದಿಂದ ತಿಳಿಯುವುದು

ಚುನಾವಣೆ ಕೆಲಸ ಮಾಡುವವರಿಗೆ ಮೊದಲ ಪಾಠ ಮತದಾರರ ಪಟ್ಟಿಯ ಬಗ್ಗೆ. ‘ಗಟ್ಟಿ, ಅನುಮಾನ, ಎದುರು’ ಎಂಬ ಮೂರು ಗುರುತು ಪಕ್ಷ ಒಂದಾಗಿದ್ದಾಗ ಸಾಕು. ಒಡೆದಾಗ ಪ್ರತಿ ಮನೆಗೂ ಎರಡು ಪ್ರಶ್ನೆ ಬೇರೆ ಬೇರೆ ಹಾಕಬೇಕು: ಈ ಮನೆ ಯಾವ ನಾಯಕನ ಕಡೆ? ಈ ಮನೆ ಯಾವ ರಂಗದ ಕಡೆ? ನಮ್ಮ ಬೂತ್‌ನಲ್ಲಿ ಜೋಸ್ ಅಭಿಮಾನಿ, ಆದರೆ ಯುಡಿಎಫ್ ಎಂಬ ಮನೆಗಳೇ ಹೆಚ್ಚು. ಅವು 2020ರಲ್ಲಿ ಮೊದಲ ಉತ್ತರದಂತೆ, 2021 ಮತ್ತು 2024ರಲ್ಲಿ ಎರಡನೆಯದರಂತೆ ಮತ ಹಾಕಿದವು. ಪಟ್ಟಿಯಲ್ಲಿ ಒಂದೇ ಬಣ್ಣವಿದ್ದುದರಿಂದ ಬೆಳೆಗಾರರಿಗೆ ಇದು ಎಣಿಕೆಯ ದಿನದವರೆಗೆ ಕಾಣಲಿಲ್ಲ.

ಎರಡನೆಯದು ಯಾವ ಚುನಾವಣೆಯಿಂದ ಏನು ಅಳೆಯುವುದು ಎಂಬುದು. ಸ್ಥಳೀಯ ಚುನಾವಣೆಯ ಗೆಲುವನ್ನು ಹಿಡಿದು ಸಮುದಾಯ ರಂಗ ಬದಲಿಸಿತು ಎಂದು ತೀರ್ಮಾನಿಸುವುದು ಕೇರಳದಲ್ಲಿ ಮತ್ತೆ ಮತ್ತೆ ಆಗುವ ತಪ್ಪು. ಬಿಳಿ ಹಾಳೆಯ ಮತ ಮನುಷ್ಯನಿಗೆ. ನೀಲಿ ಹಾಳೆಯ ಎಣಿಕೆಯನ್ನು ಬಿಳಿಯದರ ಪಕ್ಕ ಇಟ್ಟು ಬೂತ್‌ವಾರು ನೋಡಿದರೆ ಮುಂದಿನ ವಿಧಾನಸಭೆಯ ಸುಳಿವು ಅಲ್ಲಿಯೇ ಸಿಗುತ್ತದೆ. ಆ ಅಂಕಿ ಎಣಿಕೆ ಏಜೆಂಟರ ಕೈಯಲ್ಲಿ ಅದೇ ದಿನ ಇರುತ್ತದೆ, ಕೂಡಿಟ್ಟುಕೊಳ್ಳುವವರು ಕಡಿಮೆ.

ಸಣ್ಣ ಪಕ್ಷದ ನಾಯಕರಿಗೆ ಕಹಿಯಾದರೂ ಹೇಳಬೇಕಾದ ಮಾತು: ರಂಗ ಬದಲಿಸಿ ಅವರು ಕಳೆದುಕೊಂಡದ್ದಷ್ಟೇ ಅಲ್ಲ, ಗಳಿಸಿದ್ದೂ ಇದೆ. 2021ರಲ್ಲಿ ಐದು ಶಾಸಕರು, ಜಲಸಂಪನ್ಮೂಲ ಖಾತೆ. ಇಡುಕ್ಕಿ, ಚಂಗನಾಶ್ಶೇರಿ, ಕಾಂಜಿರಪಳ್ಳಿಗಳಲ್ಲಿ ಎಡರಂಗದ ಸ್ವಂತ ಮತಕ್ಕೆ ಇವರ ಒಂದು ಪಾಲು ಸೇರಿ ಗೆಲುವಾಯಿತು. ಪಾಲಾ ಅವರ ಮನೆಯಾಗಿದ್ದರೂ ಎಡರಂಗದ ಸ್ವಂತ ಮತ ಅಲ್ಲಿ ಸಾಕಷ್ಟಿರಲಿಲ್ಲ. ಪಕ್ಷ ತನ್ನ ಮನೆಯಲ್ಲಿ ಸೋತು, ಬೇರೆಡೆ ಮಿತ್ರರ ಮತದ ಬಲದಿಂದ ಗೆಲ್ಲುವ ಈ ವಿಚಿತ್ರ ಸ್ಥಿತಿಯಲ್ಲಿ ಶಾಸಕರು ಯಾರಿಗೆ ಋಣಿಗಳು ಎಂಬ ಪ್ರಶ್ನೆ ಏಳುತ್ತದೆ, ಮತ್ತೊಮ್ಮೆ ರಂಗ ಬದಲಿಸಲು ಹೊರಟರೆ ಮೊದಲು ಬೇಡವೆನ್ನುವವರು ಅವರೇ.

ಈ ಪ್ರಕರಣವನ್ನು ಬೇರೆಡೆಗೆ ಒಯ್ಯುವಾಗ ಎಚ್ಚರ ಬೇಕು. ಪಾಲಾ ಕಡೆಯಿಂದಲೇ ವಲಸೆ ಬಂದ ರಬ್ಬರ್ ಬೆಳೆಗಾರ ಕುಟುಂಬಗಳು ದಕ್ಷಿಣ ಕನ್ನಡದ ಕಡಬ, ಬೆಳ್ತಂಗಡಿ, ಸುಳ್ಯ ಸೀಮೆಯಲ್ಲೂ ಇವೆ. 1999ರಿಂದ ಬೆಳ್ತಂಗಡಿಯಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತ್ಯವೂ ಇದೆ. ಅದೇ ಬೆಳೆ, ಅದೇ ಇಗರ್ಜಿ, ಅದೇ ಬೆಲೆ ಕುಸಿತದ ಅಳಲು. ಆದರೆ ಅಲ್ಲಿ ಕೇರಳ ಕಾಂಗ್ರೆಸ್ಸಿನಂಥದ್ದು ಮೊಳೆಯಲಿಲ್ಲ. ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87, ಯಾವ ವಿಧಾನಸಭಾ ಕ್ಷೇತ್ರದಲ್ಲೂ ಈ ಕುಟುಂಬಗಳು ಒಬ್ಬ ಶಾಸಕನನ್ನು ತಾವೇ ಆರಿಸುವಷ್ಟಿಲ್ಲ, ರಂಗಗಳ ರಾಜಕಾರಣವೂ ಇಲ್ಲಿಲ್ಲ. ಹಾಗಾಗಿ ಅವರು ದೊಡ್ಡ ಪಕ್ಷಗಳ ಸ್ಥಳೀಯ ಶಾಸಕರ ಬಳಿಗೇ ನೇರ ಹೋಗುತ್ತಾರೆ, ಸಹಕಾರಿ ಸಂಘಗಳ ಚುನಾವಣೆಯಲ್ಲಿ ತಮ್ಮವರನ್ನು ಕೂರಿಸಲು ಹೆಚ್ಚು ಶ್ರಮ ಹಾಕುತ್ತಾರೆ. ಪಾಲಾದ ಬೂತ್‌ನ ಮೇಷ್ಟ್ರ ನೆಂಟರೊಬ್ಬರು ಕಡಬ ಕಡೆ ಇದ್ದಾರೆ. ಇಬ್ಬರೂ ಫೋನಿನಲ್ಲಿ ಮಾತಾಡುವಾಗ ಪಕ್ಷದ ಹೆಸರೇ ಬರುವುದಿಲ್ಲವಂತೆ, ಶೀಟಿನ ದರ ಮಾತ್ರ.